ಲಂಡನ್ನಿನಲ್ಲಿ ಟಿಪ್ಪು ವಂಶದ ಗೂಢಚಾರಿಣಿಯ ಪ್ರತಿಮೆ ಇದೆಯಂತೆ, ನಿಜವೇ? ನೋಡಲು ಹೋಗಬಹುದೇ?

ನಿಜ. ಆಕೆಯ ಹೆಸರು ನೂರ್ ಇನಾಯತ್ ಖಾನ್, ಪ್ರತಿಮೆ ಯೂಸ್ಟನ್ ಸ್ಟೇಷನ್ನಿಗೆ ಹತ್ತಿರದ ಗಾರ್ಡನ್ ಸ್ಕ್ವೇರ್ ಉದ್ಯಾನದಲ್ಲಿದೆ. ಊರಿಂದ ಬಂದ ನೆಂಟರು ಥೇಮ್ಸ್ ದಂಡೆಯ ಬಸವಣ್ಣನನ್ನು ನೋಡಿದ ಮೇಲೆ ನಾನು ಅವರನ್ನು ಇಲ್ಲಿಗೂ ಎಳೆದುಕೊಂಡು ಹೋಗುತ್ತೇನೆ. ಭಾರಿ ಸ್ಮಾರಕವೇನಲ್ಲ, ಪೀಠದ ಮೇಲೊಂದು ಕಂಚಿನ ಬಸ್ಟ್ (ಎದೆಯವರೆಗಿನ ಪ್ರತಿಮೆ), ಅಷ್ಟೇ. 2012ರ ನವೆಂಬರ್‌ನಲ್ಲಿ ರಾಜಕುಮಾರಿ ಆ್ಯನ್ ಅನಾವರಣ ಮಾಡಿದ್ದು.

ಟಿಪ್ಪು ನಂಟು ಸ್ವಲ್ಪ ದೂರದ್ದು. ನೂರ್ ಇನಾಯತ್ ಖಾನ್ ತಂದೆ ಬರೋಡಾದ ಸೂಫಿ ಸಂಗೀತಗಾರ ಹಜರತ್ ಇನಾಯತ್ ಖಾನ್. ಆ ತಂದೆಯ ಅಜ್ಜಿ ಟಿಪ್ಪುವಿನ ಮೊಮ್ಮಗಳು ಎಂದು ಮನೆತನದವರು ಹೇಳಿಕೊಂಡು ಬಂದಿದ್ದಾರೆ. ನೂರ್ ತಾಯಿ ಅಮೆರಿಕದವರು. ನೂರ್ ಹುಟ್ಟಿದ್ದು ಮಾಸ್ಕೋದಲ್ಲಿ, ಬೆಳೆದದ್ದು ಪ್ಯಾರಿಸ್ ಪಕ್ಕದ ಸುರೆನ್‌ನಲ್ಲಿ. ಹಾರ್ಪ್ ನುಡಿಸುತ್ತಾ ಮಕ್ಕಳಿಗೆ ಕಥೆ ಬರೆಯುತ್ತಿದ್ದ ಹುಡುಗಿ. ನಮ್ಮವರು ಟಿಪ್ಪು ಹೆಸರು ಕೇಳಿ ಬಂದು ಫೋಟೋ ತೆಗೆಸಿಕೊಂಡು ಹೋಗಿಬಿಡುತ್ತಾರೆ. ಆಕೆ ಮಾಡಿದ ಕೆಲಸದ ಕಥೆ ಅದಕ್ಕಿಂತ ದೊಡ್ಡದು.

1943ರ ಜೂನ್‌ನಲ್ಲಿ ಬ್ರಿಟಿಷರ ಗುಪ್ತ ಸಂಸ್ಥೆ ಎಸ್‌ಒಇ ಆಕೆಯನ್ನು ವೈರ್‌ಲೆಸ್ ಆಪರೇಟರ್ ಆಗಿ ಜರ್ಮನ್ನರ ಕೈಲಿದ್ದ ಫ್ರಾನ್ಸಿಗೆ ಇಳಿಸಿತು. ಗುಪ್ತನಾಮ ಮ್ಯಾಡಲಿನ್. ಕೆಲವೇ ದಿನಗಳಲ್ಲಿ ಅಲ್ಲಿನ ಗೂಢಚಾರರ ಜಾಲವೇ ಕುಸಿಯಿತು, ಸಂಗಡಿಗರು ಸಾಲಾಗಿ ಸಿಕ್ಕಿಬಿದ್ದರು. ಲಂಡನ್ ಕಚೇರಿ ವಾಪಸ್ ಬಾ ಎಂದರೂ ನೂರ್ ಬರಲಿಲ್ಲ. ಸಿಗ್ನಲ್ ಹಿಡಿಯುವ ಜರ್ಮನ್ ವ್ಯಾನುಗಳು ಬೀದಿ ಬೀದಿ ಸುತ್ತುತ್ತಿದ್ದವು. ಒಂದೇ ಜಾಗದಿಂದ ಹೆಚ್ಚು ಹೊತ್ತು ಸಂದೇಶ ಕಳಿಸಿದರೆ ಮುಗಿಯಿತು. ಸೂಟ್‌ಕೇಸಿನಲ್ಲಿ ವೈರ್‌ಲೆಸ್ ಸೆಟ್ ಹೊತ್ತು ಮನೆಯಿಂದ ಮನೆಗೆ ಅಲೆದಳು. ಅಕ್ಟೋಬರ್‌ನಲ್ಲಿ ಯಾರೋ ಹಿಡಿದುಕೊಟ್ಟರು.

ಅಭಿಮಾನಿಗಳು ಹಾರಿಸಿಬಿಡುವ ಭಾಗ ಇನ್ನೊಂದಿದೆ. ಕಳಿಸಿದ ಸಂದೇಶಗಳನ್ನೆಲ್ಲ ಆಕೆ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು. ಜರ್ಮನ್ನರು ಅದನ್ನೂ ಸೆಟ್ಟನ್ನೂ ಹಿಡಿದು ಆಕೆಯ ಹೆಸರಿನಲ್ಲಿ ಲಂಡನ್ನಿಗೆ ಸಂದೇಶ ಕಳಿಸಿದರು, ಲಂಡನ್ ನಂಬಿತು. ಹಾಗೆ ಮೋಸಹೋಗಿ ಪ್ಯಾರಾಶೂಟ್‌ನಲ್ಲಿ ನೇರ ಗೆಸ್ಟಪೋ (ಜರ್ಮನ್ ಗುಪ್ತ ಪೊಲೀಸ್) ಕೈಗೇ ಇಳಿದವರಲ್ಲಿ ಮ್ಯಾಡಲಿನ್ ಡಮೆರ್ಮಾನ್ ಎಂಬ ಇನ್ನೊಬ್ಬ ಗೂಢಚಾರಿಣಿಯೂ ಒಬ್ಬಳು. 1944ರ ಸೆಪ್ಟೆಂಬರ್ 13ರಂದು ನಾಜಿಗಳ ದಖಾವ್ ಸೆರೆ ಶಿಬಿರದಲ್ಲಿ ನೂರ್ ಜೊತೆ ಕೊಂದ ಮೂವರು ಹೆಂಗಸರಲ್ಲಿ ಆಕೆಯೂ ಇದ್ದಳು. ತಪ್ಪನ್ನು ನೂರ್ ತಲೆಗೇ ಕಟ್ಟುವುದು ನನಗೆ ಸರಿ ಕಾಣುವುದಿಲ್ಲ, ಅನುಮಾನ ಪಡಬೇಕಿದ್ದದ್ದು ಲಂಡನ್ ಕಚೇರಿ. ಸ್ವತಃ ನೂರ್ ಬಾಯಿ ಬಿಡಲಿಲ್ಲ; ತಪ್ಪಿಸಿಕೊಳ್ಳಲು ಯತ್ನಿಸಿದ್ದಕ್ಕೆ ಜರ್ಮನಿಯ ಜೈಲಿನಲ್ಲಿ ತಿಂಗಳುಗಟ್ಟಲೆ ಕೈಕಾಲಿಗೆ ಸರಪಳಿ ಹಾಕಿಟ್ಟಿದ್ದರು.

ಹೋದರೆ ಪಕ್ಕದ ಟ್ಯಾವಿಟನ್ ಸ್ಟ್ರೀಟಿನಲ್ಲಿ ಆಕೆ ವಾಸವಿದ್ದ 4ನೇ ನಂಬರ್ ಮನೆಯನ್ನೂ ನೋಡಿ. ಅಲ್ಲಿ 2020ರಲ್ಲಿ ಆಕೆಯ ಹೆಸರಿನ ನೀಲಿ ಫಲಕ ಹಾಕಿದ್ದಾರೆ. ಗಾರ್ಡನ್ ಸ್ಕ್ವೇರಿನಲ್ಲೇ ಟ್ಯಾಗೋರರ ಬಸ್ಟ್ ಕೂಡ ಇದೆ.