ಹೀಟ್ ಪಂಪ್‌ಗೆ ಎಂಥ ಆರ್‌ಸಿಸಿಬಿ?

ಪ್ರಶ್ನೆ: ಇನ್ವರ್ಟರ್ (ಬ್ಯಾಟರಿಯದ್ದಲ್ಲ, ಮೋಟರ್ ವೇಗ ಬದಲಿಸುವ ಬೋರ್ಡ್) ಇರುವ ಸಿಂಗಲ್ ಫೇಸ್ ಹೀಟ್ ಪಂಪ್, ಅಂದರೆ ಹೊರಗಿನ ಗಾಳಿಯ ಶಾಖ ಎಳೆದುಕೊಂಡು ಬಿಸಿ ಮಾಡುವ ಯಂತ್ರ, ಹಾಕಿಸಿದ್ದೇವೆ. ಅವತ್ತಿನಿಂದ ಇಡೀ ಮನೆಗಿರುವ ಒಂದೇ ಒಂದು 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಅರ್ಥ್‌ಗೆ ಲೀಕ್ ಆದರೆ ಸಪ್ಲೈ ಕಡಿಯುವ ಸ್ವಿಚ್) ಆಗಾಗ ಟ್ರಿಪ್ ಆಗುತ್ತಿದೆ. 100ರದ್ದು ಹಾಕಿಬಿಟ್ಟರೆ ಸರಿಹೋಗುತ್ತದೆ ಅನ್ನುತ್ತಾರೆ ಎಲೆಕ್ಟ್ರಿಷಿಯನ್. ಹಾಕಿಸಲಾ?

ಉತ್ತರ: ದಯವಿಟ್ಟು ಬೇಡ. ಟ್ರಿಪ್ ಆಗೋದು ನಿಲ್ಲಬಹುದು. ಆದರೆ ಒದ್ದೆ ಕೈಯಲ್ಲಿ ಸಾಕೆಟ್ ಮುಟ್ಟಿದವರನ್ನು ಉಳಿಸುವ ರಕ್ಷಣೆಯೂ ಮನೆಯ ತುಂಬಾ ಹೋಗಿಬಿಡುತ್ತದೆ.

ಯಾವಾಗ ಟ್ರಿಪ್ ಆಗುತ್ತದೆ ಅಂತ ಮೊದಲು ಬರೆದಿಡಿ. ಒಳಗಿನ ಹೀಟರ್ ಕಾಯಿಲ್ ಆನ್ ಆದ ತಕ್ಷಣವೇ ಆದರೆ ಕಾಯಿಲ್‌ಗೆ ತೇವ ಹಿಡಿದಿರಬಹುದು. ಮಳೆ ಬಂದಾಗ ಮಾತ್ರ ಆದರೆ ಹೊರಗಿನ ಯೂನಿಟ್‌ನ ವೈರ್ ಜಾಯಿಂಟ್‌ಗಳನ್ನು ನೋಡಿಸಿ. ಇವೆಲ್ಲ ನಿಜವಾದ ದೋಷ, ಆರ್‌ಸಿಸಿಬಿ ಬದಲಿಸಿದರೆ ಹೋಗೋದಿಲ್ಲ.

ಹೊತ್ತುಗೊತ್ತಿಲ್ಲದೆ ಆಗುತ್ತಿದ್ದರೆ ಕಾರಣ ಬೇರೆ ಇರಬಹುದು. ಇನ್ವರ್ಟರ್ ಬೋರ್ಡ್‌ನ ಫಿಲ್ಟರ್ ಕೆಪಾಸಿಟರ್‌ಗಳ ಮೂಲಕ, ಎಲ್ಲ ಸರಿಯಿದ್ದಾಗಲೂ, ಒಂದಿಷ್ಟು ಕರೆಂಟ್ ಅರ್ಥ್‌ಗೆ ಹರಿಯುತ್ತಲೇ ಇರುತ್ತದೆ, ಅದಕ್ಕೆ ವಾಷಿಂಗ್ ಮಷೀನ್, ಕಂಪ್ಯೂಟರ್‌ಗಳದ್ದೂ ಬಂದು ಸೇರಿಕೊಳ್ಳುತ್ತದೆ. 30ರ ಆರ್‌ಸಿಸಿಬಿ 15 ದಾಟಿದ ಮೇಲೆ ಯಾವಾಗ ಬೇಕಾದರೂ ಟ್ರಿಪ್ ಆಗಬಹುದು. ಅದಕ್ಕೇ ದಿನನಿತ್ಯದ ಲೀಕೇಜ್ 9 ದಾಟಬಾರದು ಅಂತ ಲೆಕ್ಕ ಇಟ್ಟುಕೊಳ್ಳುತ್ತಾರೆ. ಹೀಟ್ ಪಂಪ್‌ಗೆ ಬೇರೆ ಲೈನ್ ಎಳೆಸಿ, ಅದಕ್ಕೇ ಅಂತ ಒಂದು ಆರ್‌ಸಿಸಿಬಿ ಹಾಕಿಸಿ.

ಇನ್ನು ಟೈಪ್. ಎಲ್ಲರೂ ಮಿಲಿಆಂಪಿಯರ್ ಕೇಳುತ್ತಾರೆ, ಟೈಪ್ ಕೇಳೋರು ಕಡಿಮೆ. ನಿಮ್ಮ ಆರ್‌ಸಿಸಿಬಿಯ ಮುಖದ ಮೇಲೆ ಒಂದು ಪುಟ್ಟ ಚೌಕ ಇದೆ, ಟಾರ್ಚ್ ಹಾಕಿ ನೋಡಿ. ಅದರೊಳಗೆ ಬರೀ ಒಂದು ಅಲೆ ಇದ್ದರೆ ಟೈಪ್ ಎಸಿ, ಅಂದರೆ ಅದಕ್ಕೆ ಗೊತ್ತಾಗೋದು ಮಾಮೂಲಿ ಎಸಿ ಲೀಕೇಜ್ ಮಾತ್ರ. ಇನ್ವರ್ಟರ್‌ಗೆ ಅದು ಸಾಲದು. ಅಲೆಯ ಕೆಳಗೆ ಅರ್ಧ ಅಲೆಗಳ ಗುರುತೂ ಇದ್ದರೆ ಟೈಪ್ ಎ. ಅದು ಬಿಟ್ಟುಬಿಟ್ಟು ಬರುವ ಡಿಸಿಯನ್ನೂ ಹಿಡಿಯುತ್ತದೆ, ಆದರೆ ಒಂದೇ ಸಮ ಹರಿಯುವ ಡಿಸಿ 6 ಮಿಲಿಆಂಪಿಯರ್‌ವರೆಗೆ ಮಾತ್ರ ತಡೆದುಕೊಳ್ಳುತ್ತದೆ. ಅದಕ್ಕಿಂತ ಜಾಸ್ತಿಯಾದರೆ ಒಳಗಿನ ಕೋರ್ ಕಾಂತವಾಗಿ ಮರಗಟ್ಟಿದಂತಾಗುತ್ತದೆ, ಆಮೇಲೆ ನಿಜವಾದ ಶಾಕ್ ಹೊಡೆದರೂ ಟ್ರಿಪ್ ಆಗದೇ ಇರಬಹುದು. ನನಗೆ ಭಯ ಇರೋದು ಇದರದ್ದೇ, ಯಾಕೆಂದರೆ ಹೊರಗಿಂದ ಏನೂ ಗೊತ್ತಾಗೋದಿಲ್ಲ. ಹೀಟ್ ಪಂಪ್ ಆಫ್ ಇದ್ದಾಗ ಟೆಸ್ಟ್ ಬಟನ್ ಒತ್ತಿದರೆ ಟಕ್ ಅಂತ ಟ್ರಿಪ್ ಆಗುತ್ತದೆ, ಎಲ್ಲ ಸರಿಯಿದೆ ಅನ್ನಿಸುತ್ತದೆ.

ಸಿಂಗಲ್ ಫೇಸ್ ಇನ್ವರ್ಟರ್‌ಗೆ ಟೈಪ್ ಎ ಅಥವಾ ಬೇರೆ ಬೇರೆ ಫ್ರೀಕ್ವೆನ್ಸಿಯ ಲೀಕೇಜ್‌ಗೆ ಅಂತಲೇ ಮಾಡಿದ ಟೈಪ್ ಎಫ್ ಸಾಮಾನ್ಯ. ಆದರೆ ಊಹೆ ಬೇಡ, ಇನ್‌ಸ್ಟಾಲೇಷನ್ ಮ್ಯಾನುಯಲ್‌ನಲ್ಲಿ ಕಂಪನಿಯವರು ಬರೆದ ಟೈಪನ್ನೇ ಹಾಕಿಸಿ.

ಪ್ರಶ್ನೆ: ನಮ್ಮದು ತ್ರೀ ಫೇಸ್. ಮ್ಯಾನುಯಲ್‌ನಲ್ಲಿ ಟೈಪ್ ಬಿ (ಒಂದೇ ಸಮ ಹರಿಯುವ ಡಿಸಿಯನ್ನೂ ಹಿಡಿಯುವಂಥದ್ದು) ಅಂತ ಇದೆ. ಅದನ್ನು ಈಗಿರುವ ಟೈಪ್ ಎ ಆರ್‌ಸಿಸಿಬಿಯಿಂದ ಮುಂದಕ್ಕೆ, ಅದೇ ಲೈನ್‌ನಲ್ಲಿ ಹಾಕಿಸಬಹುದಾ?

ಉತ್ತರ: ಬೇಡ. 30ರ ಟೈಪ್ ಬಿ ಒಂದೇ ಸಮ ಹರಿಯುವ ಡಿಸಿಗೆ 60 ಮಿಲಿಆಂಪಿಯರ್ ಆಗೋವರೆಗೂ ಟ್ರಿಪ್ ಆಗದೇ ಇರಬಹುದು. ಅಷ್ಟೂ ಡಿಸಿ ಹಾದುಹೋಗೋದು ಮೇಲಿನ ಟೈಪ್ ಎ ಮೂಲಕವೇ ಅಲ್ವಾ? ಆ ಟೈಪ್ ಎಗಿಂತ ಮೊದಲೇ ಲೈನ್ ಬೇರೆ ಮಾಡಿಸಿ, ಟೈಪ್ ಬಿಯನ್ನು ಅದರ ಪಕ್ಕಕ್ಕೆ ಹಾಕಿಸಿ. ಆರ್‌ಸಿಸಿಬಿ ಓವರ್‌ಲೋಡ್ ನೋಡಿಕೊಳ್ಳೋದಿಲ್ಲ, ಜೊತೆಗೆ ಅದನ್ನು ನೋಡಿಕೊಳ್ಳುವ ಬ್ರೇಕರ್ ಆದ ಎಂಸಿಬಿಯೂ ಇರಲಿ.