ನನ್ನ ಕಥೆ ಇನ್ನೂ ಎಷ್ಟು ಸಲ ಹೇಳಲಿ ಮೇಡಂ?

ಭೂಮಿಕಾ 26 ವರ್ಷದ ಟ್ರಾನ್ಸ್ ಮಹಿಳೆ. ಬೆಂಗಳೂರಿನ ಒಂದು ಸಂಘಟನೆಯಲ್ಲಿ ಕಾರ್ಯಕರ್ತೆ. ಹೆಸರು, ಊರು, ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಬರೆದದ್ದನ್ನು ಅವರಿಗೆ ಓದಿ ಹೇಳಿ, ಅವರು ಬೇಡ ಅಂದದ್ದನ್ನು ತೆಗೆದಿದ್ದೇನೆ.

ನಾನು ಆಪ್ತಸಲಹೆಗಾರ್ತಿ. ಅವರು ನನ್ನ ಹತ್ತಿರ ಬಂದದ್ದು 2022ರ ಕೊನೆಯಲ್ಲಿ. ಜೊತೆಗೆ ಕೆಲಸ ಮಾಡುವವರೊಬ್ಬರು ಒತ್ತಾಯ ಮಾಡಿ ಕರೆದುಕೊಂಡು ಬಂದಿದ್ದರು. ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಸಣ್ಣ ಮಾತಿಗೂ ರೇಗುತ್ತಾರೆ. "ನನಗೇನೂ ಆಗಿಲ್ಲ ಮೇಡಂ, ಸುಸ್ತು ಅಷ್ಟೆ" ಅಂದರು. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: "ನೀವೂ ನನ್ನನ್ನ ಸರಿ ಮಾಡೋಕೆ ನೋಡ್ತೀರಾ?"

ಆ ಪ್ರಶ್ನೆಗೆ ಕಾರಣ ಇತ್ತು. ಹದಿನೈದನೇ ವಯಸ್ಸಿನಲ್ಲಿ ಮನೆಯವರು ತಾಯತ ಕಟ್ಟಿಸಿದ್ದರು. ಅದಾದ ಮೇಲೆ ಒಬ್ಬ ವೈದ್ಯರ ಹತ್ತಿರ ಕರೆದುಕೊಂಡು ಹೋಗಿದ್ದರು. ಆ ವೈದ್ಯರು ಗುಣವಾಗುತ್ತದೆ ಎಂದು ಮಾತ್ರೆ ಬರೆದುಕೊಟ್ಟಿದ್ದರು. ಹಾಗಾಗಿ ಮೊದಲು ಇದನ್ನೇ ಸ್ಪಷ್ಟ ಮಾಡಿದೆ. ಟ್ರಾನ್ಸ್ ಆಗಿರುವುದು ಕಾಯಿಲೆ ಅಲ್ಲ. 2022ರ ಜನವರಿಯಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಹೊಸ ರೋಗಪಟ್ಟಿ ಇದನ್ನು ಮಾನಸಿಕ ಕಾಯಿಲೆಗಳ ಗುಂಪಿನಿಂದ ಹೊರಗೆ ತೆಗೆದಿದೆ. ಮದ್ರಾಸ್ ಹೈಕೋರ್ಟಿನಲ್ಲಿ ನಡೆದ ಪ್ರಕರಣದ ಬೆನ್ನಲ್ಲೇ ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗ ಕೂಡ ಅದೇ ವರ್ಷ, ಹೀಗೆ 'ಬದಲಾಯಿಸುವ' ಚಿಕಿತ್ಸೆ ಕೊಡುವುದು ವೈದ್ಯರ ದುರ್ನಡತೆ ಎಂದು ಹೇಳಿತು. "ಇಲ್ಲಿ ನಾವು ನೋಡೋದು ನಿಮ್ಮ ಸುಸ್ತನ್ನ ಮಾತ್ರ" ಅಂದೆ. ಆಗ ಚೀಲ ಕೆಳಗಿಟ್ಟು ಸರಿಯಾಗಿ ಕೂತರು.

ಮನೆ ಬಿಟ್ಟಾಗ ಭೂಮಿಕಾ ಎಸ್ಸೆಸ್ಸೆಲ್ಸಿ ಮುಗಿಸಿದ್ದರು. ಬೆಂಗಳೂರಿನ ಒಂದು ಹಮಾಮಿನಲ್ಲಿ, ಅಂದರೆ ಟ್ರಾನ್ಸ್ ಮಹಿಳೆಯರು ಹಿರಿಯರೊಬ್ಬರ ಆಶ್ರಯದಲ್ಲಿ ಒಟ್ಟಿಗೆ ಬಾಳುವ ಮನೆಯಲ್ಲಿ, ಆ ಹಿರಿಯರಾದ ಗುರು ಸೇರಿಸಿಕೊಂಡರು. ಕೆಲವು ವರ್ಷ ಅಂಗಡಿ ಅಂಗಡಿ ತಿರುಗಿ ಬಸ್ತಿ, ಅಂದರೆ ಕಾಸು ಕೇಳಿದರು. ಎಚ್‌ಐವಿ ತಡೆಯ ಯೋಜನೆಯೊಂದರಲ್ಲಿ ಕಾಂಡೋಮ್ ಹಂಚುವ ಕೆಲಸ ಸಿಕ್ಕಿತು. ಸಂಘಟನೆಗೆ ಬಂದದ್ದು ಹಾಗೆ. ಈಗ ಅವರ ಮುಖ್ಯ ಕೆಲಸ ದಾಖಲೆ ಮಾಡಿಸುವುದು. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ಬಗೆಗಿನ 2020ರ ನಿಯಮಗಳಂತೆ ಆಗ ಜಿಲ್ಲಾಧಿಕಾರಿಯಿಂದ ಗುರುತಿನ ಪ್ರಮಾಣಪತ್ರ ಪಡೆಯಲು ಅಫಿಡವಿಟ್ ಸಾಕಿತ್ತು. ವೈದ್ಯಕೀಯ ತಪಾಸಣೆ ಬೇಕಿರಲಿಲ್ಲ. ಎಷ್ಟೋ ಕಚೇರಿಗಳಿಗೆ ಇದನ್ನು ತಿಳಿಸಿ ಹೇಳಿದ್ದೇ ಭೂಮಿಕಾ. 2021ರ ಜುಲೈನಲ್ಲಿ ಕರ್ನಾಟಕ ಸರ್ಕಾರಿ ನೇಮಕಾತಿಯಲ್ಲಿ ಟ್ರಾನ್ಸ್‌ಜೆಂಡರ್ ಸಮುದಾಯಕ್ಕೆ ಶೇ 1ರಷ್ಟು ಮೀಸಲಾತಿ ತಂದಿತು. ದೇಶದಲ್ಲೇ ಮೊದಲು. ಆಗಿನಿಂದ ಅವರ ಫೋನಿಗೆ ಬಿಡುವಿಲ್ಲ. ಕೆಲಸ ಬೇಕು ಅಂತ ಕೇಳುವ ಸಮುದಾಯದ ಕಿರಿಯರಲ್ಲಿ ಅನೇಕರು ಅರ್ಧಕ್ಕೇ ಶಾಲೆ ಬಿಟ್ಟವರು. ಓದಿದವರ ಮಾರ್ಕ್ಸ್ ಕಾರ್ಡಿನಲ್ಲಿ ಹಳೇ ಹೆಸರು. ಅದನ್ನು ಬದಲಿಸಲು ಕಚೇರಿಯಿಂದ ಕಚೇರಿಗೆ ಅಲೆದಾಟ.

ಇಷ್ಟೆಲ್ಲ ಗೊತ್ತಿರುವವರನ್ನು ಕಾಲೇಜು, ಕಂಪನಿ, ಪೊಲೀಸ್ ತರಬೇತಿಗೆ ಕರೆಯುತ್ತಾರೆ. ಕರೆದು ಕೇಳುವುದು ಮಾತ್ರ ಒಂದೇ: ನಿಮ್ಮ ಕಥೆ ಹೇಳಿ. ಮನೆಯಿಂದ ಹೊರಗೆ ಹಾಕಿದ್ದು, ಬೀದಿಯಲ್ಲಿ ಮೈಮೇಲೆ ಆದ ದೌರ್ಜನ್ಯ, ಎಲ್ಲವನ್ನೂ ಹೇಳಬೇಕು. ಸಭೆ ಕಣ್ಣೀರು ಹಾಕುತ್ತದೆ. ಯಾರೋ ಎದ್ದು ನಿಂತು "ಆಪರೇಷನ್ ಆಗಿದೆಯಾ?" ಅನ್ನುತ್ತಾರೆ. ಶಾಲು, ಹಣ್ಣಿನ ಬುಟ್ಟಿ ಕೊಟ್ಟು ಕಳಿಸುತ್ತಾರೆ. ಬಸ್ ಚಾರ್ಜನ್ನು ಇವರೇ ಕೇಳಬೇಕು. ಅವತ್ತು ರಾತ್ರಿ ಇವರಿಗೆ ವಾಂತಿ, ತಲೆನೋವು, ಹಳೆಯದೆಲ್ಲ ಕಣ್ಣ ಮುಂದೆ. "ಇನ್ನೂ ಎಷ್ಟು ಸಲ ಹೇಳಲಿ ಮೇಡಂ?" ಅಂತ ಕೇಳಿದಾಗ ಅವರ ದನಿಯಲ್ಲಿ ಸಿಟ್ಟು ಕೂಡ ಉಳಿದಿರಲಿಲ್ಲ.

ಸಾಯುವ ಯೋಚನೆ ಬರುತ್ತಾ ಎಂದು ನೇರವಾಗಿ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂದು ಜನ ಹೆದರುತ್ತಾರೆ. ಹುಟ್ಟುವುದಿಲ್ಲ. "ಸಾಯಬೇಕು ಅಂತಲ್ಲ. ಬೆಳಿಗ್ಗೆ ಎಚ್ಚರ ಆಗದಿದ್ರೆ ಸಾಕು ಅನಿಸುತ್ತೆ" ಅಂದರು. ಮನೆಯಲ್ಲಿದ್ದ ನಿದ್ದೆ ಮಾತ್ರೆಗಳನ್ನು ಅದೇ ದಿನ ಸಹೋದ್ಯೋಗಿಗೆ ಕೊಡಿಸಿದೆ. ಅಂಥ ಹೊತ್ತಿನಲ್ಲಿ ಯಾರಿಗೆ ಫೋನ್ ಮಾಡುವುದು, ಎಲ್ಲಿ ಹೋಗಿ ಕೂರುವುದು ಅಂತ ಇಬ್ಬರೂ ಸೇರಿ ಬರೆದೆವು. ಟೆಲಿ ಮಾನಸ್ ಸಹಾಯವಾಣಿ 14416 ಆಗಷ್ಟೇ ಶುರುವಾಗಿತ್ತು. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಮನೋವೈದ್ಯರು ನೋಡಿ ಖಿನ್ನತೆಗೆ ಔಷಧಿ ಆರಂಭಿಸಿದರು. ಹೆಣ್ಣಿನ ಹಾರ್ಮೋನಿಗೆಂದು ಗೆಳತಿಯರ ಮಾತು ಕೇಳಿ ಗರ್ಭನಿರೋಧಕ ಮಾತ್ರೆ ನುಂಗುತ್ತಿದ್ದರು. ಅದನ್ನೂ ವೈದ್ಯರಿಗೆ ಹೇಳಿಸಿ, ಹಾರ್ಮೋನು ತಜ್ಞರ ಹತ್ತಿರ ಕಳಿಸಿದೆ.

ಕೆಲವು ಭೇಟಿಗಳಾದ ಮೇಲೆ ಇನ್ನೊಂದು ವಿಷಯ ಹೊರಗೆ ಬಂತು. ಲಾಕ್‌ಡೌನಿನಲ್ಲಿ ಹಮಾಮಿನ ತಂಗಿಯೊಬ್ಬಳು ಜೀವ ತೆಗೆದುಕೊಂಡಿದ್ದಳು. ಅದಕ್ಕೆ ಮುಂಚೆ ಭೂಮಿಕಾಗೆ ಫೋನ್ ಮಾಡಿದ್ದಳು. ಇವರು ಮಲಗಿದ್ದರು, ಫೋನ್ ಸೈಲೆಂಟಿನಲ್ಲಿತ್ತು. ಮನೆಯವರು ಬಂದು ದೇಹ ತೆಗೆದುಕೊಂಡು ಹೋದರು. ಕೂದಲು ಕತ್ತರಿಸಿ, ಪಂಚೆ ಉಡಿಸಿ ಸುಟ್ಟರು. ಇವರನ್ನು ಹತ್ತಿರ ಸೇರಿಸಲಿಲ್ಲ. ಅವತ್ತಿನಿಂದ ಭೂಮಿಕಾ ಫೋನ್ ಎದೆಯ ಮೇಲಿಟ್ಟುಕೊಂಡೇ ಮಲಗುತ್ತಾರೆ. ರಾತ್ರಿ ಒಂದಕ್ಕೆ ಪೊಲೀಸ್ ಸ್ಟೇಷನ್ನಿನಿಂದ ಯಾರಾದರೂ ಕರೆದರೂ ಎದ್ದು ಹೋಗುತ್ತಾರೆ.

"ನಿಮ್ಮ ತಪ್ಪಲ್ಲ" ಅಂತ ಅವರಿಗೆ ಎಲ್ಲರೂ ಹೇಳಿದ್ದರು. ಅದರಿಂದ ಏನೂ ಆಗಿರಲಿಲ್ಲ. ನಾನು ಕೇಳಿದ್ದು, ಆ ಹುಡುಗಿಗೆ ನೀವೆಲ್ಲ ಸೇರಿ ಏನು ಮಾಡಬೇಕು ಅಂತಿದ್ದಿರಿ ಅಂತ. ಹಮಾಮಿನಲ್ಲಿ ಒಂದು ಸಂಜೆ ಸೇರಿದರು. ಅವಳ ಫೋಟೋಗೆ ಹೂ ಹಾಕಿದರು, ಅವಳಿಗಿಷ್ಟವಾದ ಅಡುಗೆ ಎಡೆ ಇಟ್ಟರು, ಅವಳೇ ಇಟ್ಟುಕೊಂಡ ಹೆಸರು ಕರೆದು ಅತ್ತರು. ಗುರುವಿನ ಮನೆಯನ್ನು ದೂರವಿಡಿ ಎಂದು ಸಲಹೆ ಕೊಡುವವರು ಇದ್ದಾರೆ. ಭೂಮಿಕಾಗೆ ದುಃಖ ಹಂಚಿಕೊಳ್ಳಲು ಇರುವ ಜಾಗ ಅದೇ. ಹಾಗಾಗಿ ದೂರವಿಡಿ ಎಂದು ನಾನು ಹೇಳಲಾರೆ.

ರಾತ್ರಿ ಫೋನಿನ ವಿಷಯವನ್ನು ಅವರ ಒಪ್ಪಿಗೆ ಪಡೆದು ಸಂಘಟನೆಯವರ ಜೊತೆ ಮಾತಾಡಿದೆ. ಒಬ್ಬಳ ಸ್ವಂತ ನಂಬರು ಇಡೀ ಊರಿನ ಸಹಾಯವಾಣಿ ಆಗಬಾರದು. ಬೇರೆ ಸಿಮ್ ಇರಲಿ, ಪಾಳಿಯ ಮೇಲೆ ಬೇರೆ ಬೇರೆಯವರು ಹಿಡಿಯಲಿ, ರಾತ್ರಿ ಹೋದವರಿಗೆ ಮರುದಿನ ರಜೆ ಕೊಡಲಿ ಎಂದೆ. ಒಪ್ಪಿದರು.

ಭಾಷಣದ ವಿಷಯದಲ್ಲಿ ಭೂಮಿಕಾ ನನ್ನ ಸಲಹೆಯನ್ನು ಸುಲಭಕ್ಕೆ ಒಪ್ಪಲಿಲ್ಲ. "ಕಥೆ ಹೇಳದಿದ್ರೆ ಜನ ಕರಗಲ್ಲ ಮೇಡಂ" ಅಂದರು. ಅದು ಸುಳ್ಳಲ್ಲ. ಹಾಗಾಗಿ ನಿಲ್ಲಿಸಿ ಅನ್ನಲಿಲ್ಲ. ಯಾವುದನ್ನು ಹೇಳುವುದು, ಯಾವುದನ್ನು ಯಾರಿಗೂ ಕೊಡದೆ ಇಟ್ಟುಕೊಳ್ಳುವುದು, ಇದನ್ನು ಅವರೇ ತೀರ್ಮಾನಿಸಲಿ ಅಂದೆ. ವೇದಿಕೆಯ ಮೇಲೆ ನಿಂತು ತೀರ್ಮಾನಿಸುವುದು ಬೇಡ, ಮನೆಯಲ್ಲೇ ತೀರ್ಮಾನಿಸಿ ಹೋಗಲಿ. ಮೈಮೇಲಾದ ದೌರ್ಜನ್ಯದ ಭಾಗವನ್ನು ಅವರು ಬಿಟ್ಟರು. ಒಂದು ಉತ್ತರವನ್ನು ನನ್ನ ಮುಂದೆಯೇ ಮತ್ತೆ ಮತ್ತೆ ಹೇಳಿ ರೂಢಿ ಮಾಡಿಕೊಂಡರು: "ಅದು ನನ್ನ ಖಾಸಗಿ ವಿಷಯ. ನಿಮ್ಮ ಕಚೇರಿಗೆ ನನ್ನಂಥವರು ಬಂದ್ರೆ ನೀವೇನು ಮಾಡ್ಬೇಕು ಅನ್ನೋದನ್ನ ಹೇಳ್ತೀನಿ." 2014ರ ಏಪ್ರಿಲ್ 15ರ ಸುಪ್ರೀಂ ಕೋರ್ಟ್ ತೀರ್ಪನ್ನು ಅವರಷ್ಟು ಸರಳವಾಗಿ ವಿವರಿಸುವವರನ್ನು ನಾನು ನೋಡಿಲ್ಲ. ಲಿಂಗ ಗುರುತು ಯಾವುದು ಎಂದು ಹೇಳುವ ಹಕ್ಕು ಆ ವ್ಯಕ್ತಿಯದೇ, ಅದಕ್ಕೆ ಆಪರೇಷನ್ ಆಗಿರಬೇಕಿಲ್ಲ ಎಂದ ತೀರ್ಪು ಅದು.

ಅಪ್ಪ ಇಲ್ಲದ ಹೊತ್ತು ನೋಡಿ ಭೂಮಿಕಾಗೆ ಅವ್ವ ಫೋನ್ ಮಾಡುತ್ತಾರೆ. 2021ರ ನವೆಂಬರಿನಲ್ಲಿ ಟ್ರಾನ್ಸ್ ಕಲಾವಿದೆ ಮಂಜಮ್ಮ ಜೋಗತಿ ರಾಷ್ಟ್ರಪತಿಗೆ ಸೆರಗಿನಲ್ಲಿ ದೃಷ್ಟಿ ತೆಗೆದು ಪದ್ಮಶ್ರೀ ತೆಗೆದುಕೊಂಡದ್ದನ್ನು ಟೀವಿಯಲ್ಲಿ ನೋಡಿ, ವರ್ಷಗಳ ಮೇಲೆ ಮೊದಲ ಸಲ ಮಾಡಿದ್ದರಂತೆ. ಜಾತ್ರೆಗೆ ಬಾ, ಪ್ಯಾಂಟು ಶರ್ಟು ಹಾಕ್ಕೊಂಡು ಬಾ ಅನ್ನುತ್ತಾರೆ. ಹೋಗುವುದೋ ಬೇಡವೋ ಈಗಲೇ ತೀರ್ಮಾನಿಸಬೇಡಿ, ಫೋನ್ ಮಾತ್ರ ನಿಲ್ಲಿಸಬೇಡಿ ಅಂದೆ. ಅವ್ವ ನನ್ನ ಜೊತೆಯೂ ಮಾತಾಡಿದರು. "ನಾ ಹೆತ್ತದ್ದರಾಗ ಏನರ ತಪ್ಪಾತೇನ್ರಿ?" ಅಂತ ಕೇಳಿದರು. ಇಲ್ಲ ಅವ್ವ, ನಿಮ್ಮದೂ ತಪ್ಪಿಲ್ಲ, ಅವಳದೂ ಇಲ್ಲ ಅಂದೆ. ಸೀರೆ ಉಟ್ಟು ಊರಿಗೆ ಹೋಗುವ ಮಾತು ಇನ್ನೂ ಬಗೆಹರಿದಿಲ್ಲ.

ಭೂಮಿಕಾ ಈಗ ನಿದ್ದೆ ಮಾಡುತ್ತಾರೆ. ಔಷಧಿ ಮುಂದುವರಿದಿದೆ. ಅವರ ಸಂಬಳ ಮಾತ್ರ ಪ್ರಾಜೆಕ್ಟಿನದು, ಪ್ರತಿ ಮಾರ್ಚಿಗೆ ಮುಗಿಯುತ್ತದೆ. ಆ ಭಯಕ್ಕೆ ಆಪ್ತಸಲಹೆಯಲ್ಲಿ ಮದ್ದಿಲ್ಲ. ಕೆಲಸ ಕೊಡುವವರು ಮನಸ್ಸು ಮಾಡಬೇಕು.

ಇಂಥವರನ್ನು ಕಾರ್ಯಕ್ರಮಕ್ಕೆ ಕರೆಯುವವರಿಗೆ ನನ್ನದೊಂದು ಕೋರಿಕೆ. ಯಾವ ವಿಷಯದ ಮೇಲೆ ಮಾತಾಡುತ್ತೀರಿ ಎಂದು ಮೊದಲೇ ಅವರನ್ನೇ ಕೇಳಿ. ಉಳಿದ ಅತಿಥಿಗಳಿಗೆ ಕೊಡುವಷ್ಟೇ ಗೌರವಧನ ಕೊಡಿ. ಸಭೆಯಲ್ಲಿ ಯಾರಾದರೂ ಅವರ ದೇಹದ ಬಗ್ಗೆ ಕೇಳಿದರೆ, ಅವರು ಉತ್ತರ ಕೊಡುವವರೆಗೆ ಕಾಯಬೇಡಿ. ನೀವೇ ತಡೆಯಿರಿ.