ಲೊಂಬೊಕ್‌ನಿಂದ ಲಾಬುವಾನ್ ಬಾಜೊಗೆ: ಡೆಕ್ ಸಾಕು, ಫೆಬ್ರವರಿ ಬೇಡ

ಕಾಫಿ ಕೊಯ್ಲು ಮುಗಿಸಿ ಫೆಬ್ರವರಿ ಕೊನೆಯಲ್ಲಿ ಇಂಡೊನೇಷ್ಯಾದ ಲೊಂಬೊಕ್‌ನಿಂದ ಫ್ಲೋರೆಸ್ ದ್ವೀಪದ ಲಾಬುವಾನ್ ಬಾಜೊ ಬಂದರಿನವರೆಗಿನ ನಾಲ್ಕು ದಿನಗಳ ದೋಣಿ ಪ್ರಯಾಣಕ್ಕೆ ಹೋಗಬಹುದೇ, ಕೋಣೆಯಿಲ್ಲದೆ ದೋಣಿಯ ತೆರೆದ ಅಟ್ಟದಲ್ಲಿ ಮಲಗುವ ಕಡಿಮೆ ದರದ ಡೆಕ್ ಸಾಕೇ ಎಂದು ವಿರಾಜಪೇಟೆಯಿಂದ ಕೇಳಿದ್ದೀರಿ. ಡೆಕ್ ಸಾಕು, ಆದರೆ ಭೂಮಧ್ಯರೇಖೆಯ ದಕ್ಷಿಣಕ್ಕಿರುವ ಆ ದ್ವೀಪಗಳ ಮಳೆಗಾಲ ನಮ್ಮದಕ್ಕೆ ತಿರುವುಮುರುವಾಗಿದ್ದು, ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಅಲ್ಲಿನ ಸಮುದ್ರವನ್ನು ನಂಬುವಂತಿಲ್ಲ. ಮೇ ತಿಂಗಳಲ್ಲಿ, ಇಲ್ಲಿ ಮಳೆ ಹಿಡಿಯುವ ಮುನ್ನ ಹೋಗಿ ಬರುವುದು ಲೇಸು.

ನಾನು ಹೋದ ದೋಣಿಯಲ್ಲಿ ಡೆಕ್ ಎಂದರೆ ಟಾರ್ಪಾಲಿನ ಕೆಳಗೆ ಸಾಲಾಗಿ ಹಾಸಿದ ತೆಳು ಹಾಸಿಗೆಗಳು, ರಾತ್ರಿಯಿಡೀ ಇಂಜಿನ್ನಿನ ಸದ್ದು, ಬೆಳಗಿನ ಜಾವ ಉಪ್ಪುನೀರಿನ ಹನಿಗೆ ತೇವವಾದ ಹೊದಿಕೆ. ಆಟಿ ತಿಂಗಳಲ್ಲಿ ಒಣಗದ ಬಟ್ಟೆ ತೊಟ್ಟು ಬೆಳೆದ ನಮಗೆ ಇದೇನೂ ಹೊಸದಲ್ಲ. ಹಣ ಕೊಡುವ ಮೊದಲು ಮಾತ್ರ ಲೈಫ್ ಜಾಕೆಟ್‌ಗಳನ್ನು ಎಣಿಸಿ, ಒಂದನ್ನು ತೊಟ್ಟೇ ನೋಡಿ. ನನಗೆ ಸಿಕ್ಕಿದ್ದರ ಬಕಲ್ ಮುರಿದಿದ್ದು, ಅದನ್ನು ನೈಲಾನ್ ದಾರದಿಂದ ಬಿಗಿದಿದ್ದರು. ದಾರಿಯಲ್ಲಿ ಸಿಗುವ ಕೊಮೊಡೊ ರಾಷ್ಟ್ರೀಯ ಉದ್ಯಾನದ ಪ್ರವೇಶ ಶುಲ್ಕ ಟಿಕೆಟ್ ದರದಲ್ಲಿ ಸೇರಿದೆಯೇ ಎಂಬುದನ್ನು ಬರವಣಿಗೆಯಲ್ಲೇ ಪಡೆಯಿರಿ. ಅಗ್ಗವೆನಿಸಿದ ಟಿಕೆಟ್ ದುಬಾರಿಯಾಗುವುದು ಸಾಮಾನ್ಯವಾಗಿ ಅಲ್ಲಿಯೇ. ವಾಂತಿಯ ಮಾತ್ರೆಯನ್ನು ದೋಣಿ ಹೊರಡುವ ಮೊದಲೇ ನುಂಗಿರಿ.